ಹುಲ್ಲು ಕತ್ತರಿಸುವ ಯಂತ್ರ

ಹುಲ್ಲುಹಾಸನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವರು 1830ರಲ್ಲಿ ಮೊದಲು ರಚಿಸಿದರು. ಅದನ್ನು ಕೈಯಿಂದ ತಳ್ಳಬೇಕಾಗಿತ್ತು. ತಳ್ಳುವುದು ನಿಂತೊಡನೆ ಅಲಗೂ ನಿಲ್ಲುತ್ತಿತ್ತು. ನಮ್ಮ ಮನೆಗೆ ಬಂದಿರುವ ಪೆಟ್ರೋಲ್ ಯಂತ್ರದ ಸ್ವಭಾವವೇ ಬೇರೆ. ಇದರ ಅಲಗು ತಗಡಿನ ಮುಚ್ಚಳದಡಿಯಲ್ಲಿ ಮರೆಯಾಗಿ ತಿರುಗುವುದು.

ಆದುದರಿಂದ ನಾವು ಕೆಲವು ನಿಯಮಗಳನ್ನು ಮಾಡಿಕೊಂಡಿರುವೆವು. ಮೊದಲು ಅಂಗಳದ ಕಲ್ಲು, ತಂತಿಗಳನ್ನು ಆಯ್ದು ತೆಗೆಯುವೆವು. ಅಲಗಿಗೆ ತಗುಲಿದ ಕಲ್ಲು ಕವಣೆಯ ಕಲ್ಲಿನಂತೆ ಹಾರುವುದು. ಮಕ್ಕಳನ್ನು ಒಳಗೆ ಕಳುಹಿಸುವೆವು. ಬರಿಗಾಲಿನಲ್ಲಿ ಯಾರೂ ಯಂತ್ರವನ್ನು ನಡೆಸಕೂಡದು. ಕಾದ ಎಂಜಿನ್ನಿಗೆ ಪೆಟ್ರೋಲ್ ಹೊಯ್ಯಕೂಡದು.

ಮೊನ್ನೆ ಹಸಿಹುಲ್ಲು ಸಿಕ್ಕಿಕೊಂಡು ಯಂತ್ರವು ನಿಂತಿತು. ಅದನ್ನು ಬಿಡಿಸಲು ನಮ್ಮ ಮಗನು ಅಡಿಗೆ ಕೈ ಚಾಚಿದನು. “ತಾಳಪ್ಪ, ಮೊದಲು ಪ್ಲಗ್ಗಿನ ತಂತಿಯನ್ನು ಕೀಳು” ಎಂದೆವು.

“ಎಂಜಿನ್ ನಿಂತಿದೆಯಲ್ಲಾ?” ಎಂದನು.

ನಿಂತುದು ನಿಜ. ಆದರೆ ಅಲಗು ಎಂಜಿನ್ನಿನ ದಂಡಕ್ಕೇ ಕೂಡಿರುವುದರಿಂದ, ಅದನ್ನು ಕೈಯಿಂದ ತಿರುಗಿಸಿದರೆ ಎಂಜಿನ್ನೂ ತಿರುಗಿ, ಕಿಡಿ ಹುಟ್ಟಿ, ಯಂತ್ರವು ಮತ್ತೆ ಹೊರಡಬಹುದು. ತಂತಿಯನ್ನು ಕಿತ್ತ ಮೇಲೆ ಆ ಭಯವಿಲ್ಲ. ಅವನು ಹಾಗೆಯೇ ಮಾಡಿ, ಕೋಲಿನಿಂದ ಹುಲ್ಲನ್ನು ಕೆದಕಿ ತೆಗೆದನು.

ಕತ್ತರಿಸಿದ ಹುಲ್ಲು ಮತ್ತೆ ಚಿಗುರುವುದು, ಬೆರಳು ಚಿಗುರದು. ಮನೆಯ ಯಜಮಾನರು ಯಂತ್ರವನ್ನು ತಂದ ದಿನವೇ ಈ ಮಾತನ್ನು ಎಲ್ಲರಿಗೂ ತಿಳಿಸತಕ್ಕದ್ದು.