ತಿರುಗಿ ಬರುವುದಕ್ಕೆ ಪುರಾವೆ

ಲಂಡನ್ನಿನ ಜತೆ ನನ್ನದು ಹದಿನಾಲ್ಕು ವರ್ಷಗಳ ಪರಿಚಯ. ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಇರುವುದು ಅಲ್ಲಿ. ಹಾಗಾಗಿ ಅಲ್ಲಿ ಮಳೆ ಬಂದರೆ ನನಗೆ ಗೊತ್ತಾಗುತ್ತದೆ, ರೈಲು ಮುಷ್ಕರವಾದರೂ ಗೊತ್ತಾಗುತ್ತದೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸಿದರೆ, ಬೊರಿವಲಿಯ ನಮ್ಮ ಮನೆಯಲ್ಲಿ ರಾತ್ರಿಯೂಟ ಒಂದು ತಾಸು ಬೇಗ ಆಗುತ್ತದೆ. ಐದೂವರೆ ತಾಸಿನ ವ್ಯತ್ಯಾಸ ನಾಲ್ಕೂವರೆಗೆ ಇಳಿಯುವುದನ್ನು ನನ್ನ ಒಂಬತ್ತು ವರ್ಷದ ಮಗಳು ಕೂಡ ಬಲ್ಲಳು. ಇಷ್ಟಾದರೂ ಆ ಊರನ್ನು ನಾನು ಕಣ್ಣಾರೆ ಕಂಡಿಲ್ಲ.

ಈ ಮೇ ತಿಂಗಳಲ್ಲಿ ಹೋಗುವುದು ಎಂದು ದೀಪಾವಳಿ ಹೊತ್ತಿಗೇ ತೀರ್ಮಾನಿಸಿದೆವು. ನಾನು, ಹೆಂಡತಿ, ಮಗಳು, ಮತ್ತು ಅಮ್ಮ. ನನ್ನ ಕಸುಬಿಗೆ ತಕ್ಕಂತೆ ಮೊದಲು ಒಂದು ಎಕ್ಸೆಲ್ ಶೀಟು ಹುಟ್ಟಿತು. ಅದರಲ್ಲಿ ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ರೋಮ್ ಎಲ್ಲ ಇದ್ದವು. ಒಂದೊಂದೇ ಸಾಲು ಅಳಿಸುತ್ತ ಬಂದೆ. ಬ್ರಿಟನ್ ಶೆಂಗೆನ್ ಒಕ್ಕೂಟದಲ್ಲಿ ಇಲ್ಲ; ಲಂಡನ್ನಿಗೆ ಒಂದು ವೀಸಾ, ಪ್ಯಾರಿಸ್ಸಿಗೆ ಮತ್ತೊಂದು. ನಾಲ್ಕು ಜನಕ್ಕೆ ಎಂಟು ಅರ್ಜಿ, ಎರಡು ಸಲ ಬೆರಳಚ್ಚು. ಪೌಂಡ್ ಬೇರೆ ನೂರು ರೂಪಾಯಿ ದಾಟಿ ಕೂತಿದೆ. ಕೊನೆಗೆ ಶೀಟಿನಲ್ಲಿ ಉಳಿದದ್ದು ಲಂಡನ್ ಒಂದೇ, ಒಂಬತ್ತು ದಿನ.

ಒಂದೇ ಊರು ಎಂದಾದ ಮೇಲೆ ಪ್ಲಾನು ಸಲೀಸಾಯಿತು. ಬ್ರಿಟಿಷ್ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಎಲ್ಲದಕ್ಕೂ ಪ್ರವೇಶ ಉಚಿತ. ಕೊನೆಯದರ ಸಂಗ್ರಹದಲ್ಲಿ ನಮ್ಮ ಟಿಪ್ಪುವಿನ ಹುಲಿ ಇದೆ. ಬಿಳಿಯ ಸಿಪಾಯಿಯ ಮೇಲೆ ಎರಗಿರುವ ಮರದ ಹುಲಿ, ಹೊಟ್ಟೆಯೊಳಗೆ ಆರ್ಗನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತೊಯ್ದದ್ದು. ಮಗಳ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ.

ಅಮ್ಮನ ಮೊಣಕಾಲಿನ ಲೆಕ್ಕ ಬೇರೆ. ಅಲ್ಲಿಯ ನೆಲದಡಿಯ ರೈಲು 1863ರಿಂದ ಓಡುತ್ತಿದೆ. ಹಳೆಯ ಸ್ಟೇಷನ್ನುಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇಲ್ಲ. ಬಸ್ಸುಗಳು ಮಾತ್ರ ಎಲ್ಲವೂ ತಗ್ಗು ನೆಲದವು, ಹತ್ತಲು ಮೆಟ್ಟಿಲಿನ ತೊಂದರೆಯಿಲ್ಲ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡು ಮುಟ್ಟಿಸಬೇಕು. ಮೊದಲ ಬಸ್ಸಿನಲ್ಲಿ ಕಾರ್ಡು ಮುಟ್ಟಿಸಿದ ಒಂದು ತಾಸಿನೊಳಗೆ ಬೇರೆ ಬಸ್ಸು ಹತ್ತಿದರೆ ಮತ್ತೆ ದುಡ್ಡಿಲ್ಲ. ಹಾಗಾಗಿ ನಮ್ಮದು ಬಸ್ಸಿನ ಲಂಡನ್. ಹಿರಿಯರನ್ನು ಕರೆದೊಯ್ಯುವ ಗೆಳೆಯರಿಗೂ ನಾನು ಇದನ್ನೇ ಹೇಳುತ್ತೇನೆ.

ಅಮ್ಮನಿಗೆಂದೇ ಎರಡು ಜಾಗ ಸೇರಿಸಿದೆ. ಒಂದು, ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿರುವ ಬಸವಣ್ಣನ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಇನ್ನೊಂದು ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣ. ಅದರ ಕಮಾನು, ಗೋಪುರ ನೋಡಿದರೆ ನಮ್ಮ ವೀಟಿ ಸ್ಟೇಷನ್ನಿನ ಅಕ್ಕನಂತೆ ಕಾಣುತ್ತದೆ. ಅದು 1868ರದ್ದು, ವೀಟಿ ಇಪ್ಪತ್ತು ವರ್ಷ ಕಿರಿಯದು. ಅಮ್ಮನಿಗೆ ವೀಟಿ ಎಂದರೆ ಅಪ್ಪ. ಅಪ್ಪ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಟೇಬಲ್ಲು ಒರೆಸುತ್ತ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತವರು.

"ನಂಗೆಂತಕ್ಕೆ ಲಂಡನ್? ನೀವ್ ಮೂರ್ ಜನ ಹೋಯಿ ಬನ್ನಿ" ಎಂದು ಅಮ್ಮ ಮೊದಲಿನಿಂದಲೂ ರಾಗ ಎಳೆಯುತ್ತಿದ್ದರು. ಮೊಣಕಾಲು ಅಂದರು, ಚಳಿ ಅಂದರು, ಅಲ್ಲಿ ಕುಚ್ಚಲಕ್ಕಿ ಸಿಗುವುದಿಲ್ಲ ಅಂದರು. ಮೊಮ್ಮಗಳು ಹಟ ಹಿಡಿದದ್ದಕ್ಕೆ ಒಪ್ಪಿದರು.

ಕಷ್ಟ ಶುರುವಾದದ್ದು ವೀಸಾ ಅರ್ಜಿಯಲ್ಲಿ. ತಿಂಗಳ ಆದಾಯ ಎಷ್ಟು, ತಿಂಗಳ ಖರ್ಚು ಎಷ್ಟು, ಪ್ರಯಾಣದ ದುಡ್ಡು ಯಾರು ಕೊಡುತ್ತಾರೆ, ಹಿಂದೆ ಯಾವ ದೇಶಕ್ಕೆ ಹೋಗಿದ್ದಿರಿ. ನಲವತ್ತು ವರ್ಷ ಮನೆ ನಡೆಸಿದ ಅಮ್ಮನ ಹೆಸರಿನಲ್ಲಿ ಆದಾಯ ಎಂದು ಒಂದು ಕಾಗದವೂ ಇಲ್ಲ. ಇದ್ದದ್ದು ಅಪ್ಪ ಬಿಟ್ಟುಹೋದ ಒಂದು ಎಫ್‌ಡಿ ಮಾತ್ರ. ಅರ್ಜಿಯ ಜತೆಗಿಡಲು ನಾನು ಒಂದು ಪತ್ರ ಬರೆಯಬೇಕಿತ್ತು: ಇವರು ನನ್ನ ತಾಯಿ, ಖರ್ಚೆಲ್ಲ ನನ್ನದು, ಪ್ರವಾಸ ಮುಗಿದ ಮೇಲೆ ಇಂತಿಂಥ ಕಾರಣಕ್ಕೆ ಖಂಡಿತ ಮರಳುತ್ತಾರೆ.

ಕನ್ನಡದಲ್ಲಿ ಓದಿ ಹೇಳಿದಾಗ ಅಮ್ಮ ನಕ್ಕರು. "ನಾನ್ ಅಲ್ಲೇ ಕೂಕಂತೆ ಅಂದ್ಹೇಳಿ ಅವ್ರಿಗ್ ಹೆದ್ರಿಕ್ಯಾ?"

ನನಗೂ ನಗು ಬಂತು. ಆದರೆ ಆ ರಾತ್ರಿ ಪತ್ರ ತಿದ್ದುತ್ತ ಕೂತಾಗ ಅಪ್ಪನ ನೆನಪಾಯಿತು. 1974ರಲ್ಲಿ ಹದಿನಾರರ ಹುಡುಗ ಕುಂದಾಪುರದಲ್ಲಿ ಬಸ್ಸು ಹತ್ತಿದ್ದು ಎರಡು ವರ್ಷಕ್ಕೆಂದು. ತಂಗಿಯ ಮದುವೆಯ ಸಾಲ ತೀರಿದರೆ ವಾಪಸು ಎಂದು ಅಜ್ಜಿಗೆ ಮಾತು ಕೊಟ್ಟಿದ್ದರಂತೆ. ಅವರನ್ನು ಯಾರೂ ಪುರಾವೆ ಕೇಳಲಿಲ್ಲ. ನಲವತ್ತೆಂಟು ವರ್ಷ ಇಲ್ಲೇ ಇದ್ದು, 2022ರಲ್ಲಿ ಇಲ್ಲೇ ತೀರಿಕೊಂಡರು. ಊರಿನ ಮನೆಗೆ ವರ್ಷಕ್ಕೊಮ್ಮೆ ಹಂಚು ಕೈಯಾಡಿಸಲು ದುಡ್ಡು ಕಳಿಸುತ್ತಿದ್ದರು. ಈಗ ನಾನು ಕಳಿಸುತ್ತೇನೆ. ಮುಂಬೈಗೆ ಬಂದ ನಮ್ಮವರಲ್ಲಿ ಎಷ್ಟು ಮನೆಗಳ ಕತೆ ಇದೇ ಅಲ್ಲವೇ?

ಮರುದಿನ ಸಹಿ ಹಾಕಿಸಲು ಕಾಗದಗಳನ್ನು ಅಮ್ಮನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ನಿಧಾನ ಸಹಿ ಮಾಡಿದರು. ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡದೆ ಅಂದರು: "ಅಂದ್ ನಿನ್ನ ತಡ್ದದ್ ನಾವೇ."

ಹತ್ತು ವರ್ಷಕ್ಕೂ ಮಿಕ್ಕಿದ ಸಂಗತಿ. 2014ರಲ್ಲಿ ಕಂಪನಿ ನನ್ನನ್ನು ಎರಡು ವರ್ಷಕ್ಕೆ ಲಂಡನ್ನಿಗೆ ಕಳಿಸುವುದೆಂದು ಆಗಿತ್ತು. ಅದೇ ತಿಂಗಳು ಅಪ್ಪನಿಗೆ ಬೈಪಾಸ್ ಆಯಿತು. ನಾನು ಬೇಡವೆಂದೆ. ನನ್ನ ಬದಲಿಗೆ ಹೋದ ಗೆಳೆಯ ಈಗ ಅಲ್ಲಿಯ ಪ್ರಜೆ. ಮನೆಯಲ್ಲಿ ಆ ವಿಷಯ ಯಾರೂ ಮತ್ತೆ ಎತ್ತಿರಲಿಲ್ಲ; ಅಮ್ಮ ಮರೆತಿದ್ದಾರೆ ಅಂದುಕೊಂಡಿದ್ದೆ. ಬರುವುದಿಲ್ಲ ಎಂದು ಹಟ ಹಿಡಿದದ್ದು ಮೊಣಕಾಲಿಗಾಗಿ ಅಲ್ಲವೆಂದು ಆಗ ತಿಳಿಯಿತು. ನನ್ನಿಂದ ತಪ್ಪಿಸಿದ ಊರನ್ನು ನನ್ನದೇ ದುಡ್ಡಿನಲ್ಲಿ ನೋಡಲು ಅವರಿಗೆ ಸಂಕೋಚ.

"ಯಾರೂ ತಡೀಲಿಲ್ಲಮ್ಮ. ನಾನೇ ಬೇಡ ಅಂದದ್ದು" ಎಂದೆ. ಅದು ನಿಜವೂ ಹೌದು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆಗ ನೀನ್ ಹೋಯಿದ್ರೆ, ತಿರ್ಗಿ ಬತ್ತಿದ್ಯಾ ಮಗಾ?"

ಅಮ್ಮನ ಬಗ್ಗೆ ಎರಡು ಪುಟ ಕಾರಣ ಬರೆದಿದ್ದೆ. ನನ್ನ ಬಗ್ಗೆ ಒಂದು ಸಾಲೂ ಹೊಳೆಯಲಿಲ್ಲ. ಅಮ್ಮ ಉತ್ತರಕ್ಕೆ ಕಾಯಲೂ ಇಲ್ಲ. "ಹೊತ್ತಾಯ್ತ್, ಊಟಕ್ಕೆ ಏಳ್" ಎಂದು ಒಳಗೆ ಹೋದರು.

ಬರುವ ಗುರುವಾರ ವೀಸಾ ಕೇಂದ್ರದಲ್ಲಿ ನಮ್ಮ ಸರದಿ. ಉತ್ತರ ಬರಲು ಸಾಮಾನ್ಯವಾಗಿ ಮೂರು ವಾರ ಎನ್ನುತ್ತಾರೆ. ಅಮ್ಮ ನಿನ್ನೆ ಸದ್ದಿಲ್ಲದೆ ಬೊರಿವಲಿ ಮಾರ್ಕೆಟ್ಟಿಗೆ ಹೋಗಿ ಒಂದು ಸ್ವೆಟರ್ ತಂದಿದ್ದಾರೆ. ಎರಡು ಕಿಲೋ ಕುಚ್ಚಲಕ್ಕಿ ಕಟ್ಟಿಕೊಳ್ಳಬಹುದೇ ಎಂದು ಕೇಳುತ್ತಿದ್ದಾರೆ. ನಿಯಮ ನೋಡಿ ಹೇಳುತ್ತೇನೆ ಎಂದಿದ್ದೇನೆ.