ಲೆಕ್ಕಕ್ಕೆ ಸಿಗದ ಆಟ

ಬಿಲ್ ರಸೆಲ್ ಅವರ ವೃತ್ತಿಜೀವನದ ಅಂಕಿಅಂಶಗಳ ಪಟ್ಟಿಯಲ್ಲಿ ಒಂದು ಕಾಲಂ ಖಾಲಿ ಉಳಿದಿದೆ. ಎದುರಾಳಿ ಎಸೆದ ಚೆಂಡನ್ನು ಬುಟ್ಟಿಯತ್ತ ಏರುತ್ತಿರುವಾಗಲೇ ತಡೆಯುವುದಕ್ಕೆ ಬ್ಯಾಸ್ಕೆಟ್‌ಬಾಲಿನಲ್ಲಿ ‘ಬ್ಲಾಕ್’ ಎನ್ನುತ್ತಾರೆ. ಆ ಕೆಲಸವನ್ನು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದವರು ರಸೆಲ್. ಆದರೆ ಅಮೆರಿಕದ ವೃತ್ತಿಪರ ಸಂಘಟನೆಯಾದ ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸತೊಡಗಿದ್ದು 1973–74ರ ಋತುವಿನಿಂದ. ರಸೆಲ್ ಆಟ ನಿಲ್ಲಿಸಿದ್ದು 1969ರಲ್ಲಿ. ಹೀಗಾಗಿ ಯಾವ ಕೆಲಸದಿಂದ ಅವರು ಆ ಆಟದ ಸ್ವರೂಪವನ್ನೇ ಬದಲಿಸಿದರೋ ಆ ಕೆಲಸದ ಅಧಿಕೃತ ಲೆಕ್ಕ ಎಲ್ಲಿಯೂ ಇಲ್ಲ. ಈ ಖಾಲಿ ಕಾಲಮ್ಮಿನ ಸಂಗತಿ ತಿಳಿದಂದಿನಿಂದ ನಮ್ಮನ್ನು ಕಾಡುತ್ತಿದೆ.

ಅಮೆರಿಕದ ಬ್ಯಾಸ್ಕೆಟ್‌ಬಾಲಿಗೂ, ಹೊರನಾಡಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ವರ್ಗಾವಣೆಯ ಆದೇಶಗಳ ನಡುವೆ ಬದುಕು ಸವೆಸುವ ನಮ್ಮಂಥವರಿಗೂ ಏನು ನಂಟು ಎಂದು ಮಿತ್ರರು ಕೇಳಬಹುದು. ನಂಟು ಬೆಳೆದದ್ದು ಮಕ್ಕಳ ಮೂಲಕ. 2019ರ ಅಕ್ಟೋಬರಿನಲ್ಲಿ ಸ್ಯಾಕ್ರಮೆಂಟೋ ಮತ್ತು ಇಂಡಿಯಾನಾ ತಂಡಗಳು ಮುಂಬಯಿಯ ವರಳಿಗೆ ಬಂದು ಎರಡು ಪ್ರದರ್ಶನ ಪಂದ್ಯಗಳನ್ನು ಆಡಿದವು. ನಮ್ಮ ಮಕ್ಕಳ ಬಾಯಲ್ಲಿ ಆ ಹೆಸರುಗಳು ಓಡಾಡತೊಡಗಿದ್ದು ಆಗ. ಮರುವರ್ಷ ಊರೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದಾಗ ಮೈಕೆಲ್ ಜೋರ್ಡನ್ ಕುರಿತ ‘ದ ಲಾಸ್ಟ್ ಡಾನ್ಸ್’ ಸಾಕ್ಷ್ಯಚಿತ್ರ ಮಾಲಿಕೆಯನ್ನು ಮನೆಮಂದಿಯೆಲ್ಲ ನೋಡಿದೆವು. ಜೋರ್ಡನ್ ದೊಡ್ಡವರೋ ಲೆಬ್ರಾನ್ ಜೇಮ್ಸ್ ದೊಡ್ಡವರೋ ಎಂಬ ಜಗಳ ಊಟದ ತಟ್ಟೆಯ ಮುಂದೆಯೂ ನಡೆಯುತ್ತಿತ್ತು. ಇಂಗ್ಲಿಷ್ ಎಂ.ಎ. ಓದುವಾಗ ಕವಿಗಳನ್ನು ಮೇಲೆ ಕೆಳಗೆ ಕೂರಿಸುವ ಪಾಠವನ್ನು ಬೇಕಾದಷ್ಟು ಕೇಳಿದವರು ನಾವು. ಆ ಅಭ್ಯಾಸದ ಬಲದಿಂದ ಈ ಜಗಳದ ಬೇರನ್ನು ಹುಡುಕುತ್ತ ಹಿಂದೆ ಹಿಂದೆ ಹೋದಾಗ ಇಬ್ಬರು ಮಹಾಕಾಯರು ಎದುರಾದರು: ವಿಲ್ಟ್ ಚೇಂಬರ್ಲೇನ್ ಮತ್ತು ಬಿಲ್ ರಸೆಲ್.

ಚೇಂಬರ್ಲೇನ್ ಅವರದು ಅಂಕಿಗಳ ಸಾಮ್ರಾಜ್ಯ. ಏಳು ಅಡಿ ಒಂದು ಅಂಗುಲದ ಈ ಫಿಲಡೆಲ್ಫಿಯಾದ ಆಟಗಾರ 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಶಿ ಎಂಬ ಸಣ್ಣ ಊರಿನಲ್ಲಿ, ನ್ಯೂಯಾರ್ಕ್ ತಂಡದ ವಿರುದ್ಧ ಒಬ್ಬರೇ ನೂರು ಅಂಕ ಗಳಿಸಿದರು. ನೋಡಿದವರು ನಾಲ್ಕು ಸಾವಿರ ಚಿಲ್ಲರೆ ಮಂದಿ. ಆ ಪಂದ್ಯದ ಚಲನಚಿತ್ರವೂ ಉಳಿದಿಲ್ಲ; ಒಂದು ಹಾಳೆಯ ಮೇಲೆ 100 ಎಂದು ಬರೆದು ಹಿಡಿದು ಕುಳಿತ ಅವರ ಛಾಯಾಚಿತ್ರ ಮಾತ್ರ ಲೋಕಪ್ರಸಿದ್ಧ. ಆ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 50.4 ಅಂಕ. ಒಂದು ಪಂದ್ಯದ ಅವಧಿ ನಲವತ್ತೆಂಟು ನಿಮಿಷ. ಅವರು ಆಡಿದ ಸರಾಸರಿ ನಲವತ್ತೆಂಟೂವರೆ ನಿಮಿಷ. ಹೆಚ್ಚುವರಿ ಅವಧಿಗೆ ಹೋದ ಪಂದ್ಯಗಳೂ ಸೇರಿದ್ದರಿಂದ ಲೆಕ್ಕ ಹಾಗೆ ಬಂತು. ಎಂದರೆ ಆ ವರ್ಷವೆಲ್ಲ ಅವರು ಬೆಂಚಿನ ಮೇಲೆ ಕುಳಿತದ್ದೇ ಇಲ್ಲವೆನ್ನಬೇಕು. ಇಡೀ ವೃತ್ತಿಜೀವನದ ಗಳಿಕೆ 31,419 ಅಂಕ, 23,924 ರಿಬೌಂಡ್.

ರಸೆಲ್ ಅವರ ಪಟ್ಟಿ ಇದರ ಮುಂದೆ ಬಡವಾಗಿ ಕಾಣುತ್ತದೆ. ಪಂದ್ಯಕ್ಕೆ 15.1 ಅಂಕಗಳ ಸರಾಸರಿ. ರಿಬೌಂಡ್ ಮಾತ್ರ 22.5. ಆದರೆ ಬೋಸ್ಟನ್ ಸೆಲ್ಟಿಕ್ಸ್ ತಂಡಕ್ಕಾಗಿ ಅವರು ಆಡಿದ್ದು ಹದಿಮೂರು ಋತು, ಗೆದ್ದದ್ದು ಹನ್ನೊಂದು ಪ್ರಶಸ್ತಿ. 1959ರಿಂದ 1966ರವರೆಗೆ ಸತತ ಎಂಟು. ಸರಣಿಯ ಏಳನೆಯ, ನಿರ್ಣಾಯಕ ಪಂದ್ಯವನ್ನು ಅವರು ಹತ್ತು ಸಲ ಆಡಿದರು, ಹತ್ತರಲ್ಲೂ ಗೆದ್ದರು. ಚೇಂಬರ್ಲೇನರ ಪಾಲಿಗೆ ಬಂದದ್ದು 1967 ಮತ್ತು 1972ರ ಎರಡೇ ಪ್ರಶಸ್ತಿಗಳು. ಇಬ್ಬರೂ ಪ್ಲೇಆಫ್ ಸರಣಿಗಳಲ್ಲಿ ಎಂಟು ಬಾರಿ ಮುಖಾಮುಖಿಯಾದರು. 1967ರ ಒಂದು ಸಲ ಬಿಟ್ಟರೆ ಉಳಿದ ಏಳೂ ರಸೆಲ್ ತಂಡದ ಪಾಲಾದವು.

ರಸೆಲ್ ಚೆಂಡನ್ನು ತಡೆಯುವ ರೀತಿಯಲ್ಲೇ ಅವರ ಸ್ವಭಾವವಿತ್ತು. ಚೆಂಡನ್ನು ಜೋರಾಗಿ ಬಡಿದು ಪ್ರೇಕ್ಷಕರ ಮಡಿಲಿಗೆ ಅಟ್ಟಿದರೆ ಚಪ್ಪಾಳೆ ಸಿಗುತ್ತದೆ, ಆದರೆ ಚೆಂಡು ಮತ್ತೆ ಎದುರಾಳಿಯ ಕೈಸೇರುತ್ತದೆ. ರಸೆಲ್ ಬೆರಳತುದಿಯಿಂದ ಅದನ್ನು ಮೆಲ್ಲನೆ ತಮ್ಮವರತ್ತ ತಟ್ಟುತ್ತಿದ್ದರು. ಅಲ್ಲಿಂದ ಬೋಸ್ಟನ್ನಿನ ಓಟ ಶುರುವಾಗಿ ಇನ್ನೊಂದು ತುದಿಯಲ್ಲಿ ಇನ್ನಾರೋ ಬುಟ್ಟಿಗೆ ಹಾಕುತ್ತಿದ್ದರು. ಅಂಕ ಆ ಇನ್ನಾರದೋ ಹೆಸರಿಗೆ. ಎಸೆಯಲು ಹೊರಟ ಎದುರಾಳಿ ಎಲ್ಲೋ ಇರುವ ರಸೆಲ್ ನೆನಪಾಗಿ ಒಂದು ಕ್ಷಣ ಅನುಮಾನಿಸಿ ಗುರಿ ತಪ್ಪಿದರೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಚೇಂಬರ್ಲೇನ್ ಪಂದ್ಯಕ್ಕೆ ಐವತ್ತು ಅಂಕ ಗಳಿಸಿದ ಅದೇ ಋತುವಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಸಂದದ್ದು ರಸೆಲ್ ಅವರಿಗೆ. ಆ ಕಾಲದಲ್ಲಿ ಮತ ಹಾಕುತ್ತಿದ್ದವರು ಸಹ ಆಟಗಾರರು. ಅಂಗಳದಲ್ಲಿ ಇಬ್ಬರ ಭುಜಕ್ಕೂ ಭುಜ ತಾಗಿಸಿ ಆಡಿದವರು ಪಟ್ಟಿಯನ್ನು ಬದಿಗಿಟ್ಟು ತೀರ್ಪು ಕೊಟ್ಟರು. ಕಚೇರಿಯ ವಾರ್ಷಿಕ ಕಾರ್ಯಸಾಧನೆಯ ಮೌಲ್ಯಮಾಪನ ವರದಿಯಲ್ಲಿ ಒಂದರಿಂದ ಹತ್ತರವರೆಗಿನ ಅಂಕಗಳನ್ನು ಪಡೆಯುತ್ತಲೂ ಕೊಡುತ್ತಲೂ ಇರುವ ನಮಗೆ ಈ ಸಂಗತಿ ಸುಮ್ಮನೆ ಓದಿ ಮರೆಯುವಂಥದ್ದಾಗಿರಲಿಲ್ಲ. ಪ್ರತಿ ಶಾಖೆಯಲ್ಲೂ ಒಬ್ಬರಿರುತ್ತಾರೆ: ಹಳೆಯ ಕಡತ ಎಲ್ಲಿದೆಯೆಂದು ಬಲ್ಲವರು, ತಪ್ಪಾಗಿ ಹೊರಡಲಿದ್ದ ಪತ್ರವನ್ನು ಸದ್ದಿಲ್ಲದೆ ತಡೆದವರು, ಹೊಸಬರಿಗೆ ಟಿಪ್ಪಣಿ ಬರೆಯಲು ಕಲಿಸಿದವರು. ಆಗದೇ ಹೋದ ಅನಾಹುತಕ್ಕೆ ವರದಿಯಲ್ಲಿ ಜಾಗವಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ ನಾಲ್ಕು ಮಾತಾಡುತ್ತೇವೆ. ಮುಂದಿನ ಸೋಮವಾರ ಪತ್ರವೊಂದು ಎಡವಟ್ಟಾದಾಗ ಅವರು ಏನು ಮಾಡುತ್ತಿದ್ದರೆಂದು ತಿಳಿಯುತ್ತದೆ.

ಆದರೆ ರಸೆಲ್ ಅವರನ್ನು ಮೌನಸೇವೆಯ ಸಂತನೆಂದು ಚಿತ್ರಿಸಿದರೆ ಅನ್ಯಾಯವಾಗುತ್ತದೆ. ಅವರು ನಿಷ್ಠುರರು. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಪ್ರದರ್ಶನ ಪಂದ್ಯಕ್ಕೆಂದು ಹೋಗಿದ್ದಾಗ ಅವರ ತಂಡದ ಕಪ್ಪು ಆಟಗಾರರಿಗೆ ತಿಂಡಿ ಕೊಡಲು ನಿರಾಕರಿಸಲಾಯಿತು. ರಸೆಲ್ ಮತ್ತು ಸಂಗಡಿಗರು ಆಡದೆ ಊರು ಬಿಟ್ಟರು. ಬೋಸ್ಟನ್ ಸಮೀಪದ ರೆಡಿಂಗ್ ಎಂಬಲ್ಲಿದ್ದ ಅವರ ಮನೆಗೆ ನುಗ್ಗಿದ ದುಷ್ಟರು ಗೋಡೆಗಳ ಮೇಲೆ ಜನಾಂಗನಿಂದೆಯ ಮಾತು ಬರೆದು ಹಾಸಿಗೆಯನ್ನು ಹೊಲಸು ಮಾಡಿ ಹೋದರು. ತಾನು ಹನ್ನೊಂದು ಸಲ ಗೆಲ್ಲಿಸಿದ ನಗರದಲ್ಲಿ ಅವರಿಗೆ ದಕ್ಕಿದ ನೆಲೆ ಇಂಥದ್ದು. 1966ರಲ್ಲಿ ಆಡುತ್ತಲೇ ತಂಡದ ಮುಖ್ಯ ತರಬೇತುದಾರರಾದರು. ಎನ್‌ಬಿಎಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಕಪ್ಪು ವ್ಯಕ್ತಿ. 1972ರಲ್ಲಿ ಅವರ 6ನೇ ಸಂಖ್ಯೆಯ ಅಂಗಿಯನ್ನು ಗೌರವಾರ್ಥ ಚಾವಣಿಗೇರಿಸುವ ಸಮಾರಂಭ ಪ್ರೇಕ್ಷಕರಿಲ್ಲದೆ ನಡೆಯಬೇಕೆಂದು ಹಟ ಹಿಡಿದರು. ಬಾಗಿಲು ತೆರೆಯುವ ಮೊದಲು, ಬರಿದಾದ ಆಸನಗಳ ನಡುವೆ, ಕೆಲವೇ ಆಪ್ತ ಸಹ ಆಟಗಾರರ ಎದುರು ಅದು ನಡೆಯಿತು. ಪರಸ್ಥಳದಲ್ಲಿ ದುಡಿದು, ಅಲ್ಲಿನವರ ಮೆಚ್ಚುಗೆಗೂ ಒಳಗಾಗಿ, ಆದರೂ ಅಲ್ಲಿನವರಾಗದೆ ಉಳಿಯುವ ನೋವನ್ನು ನಾವು ಬಲ್ಲೆವೆಂದುಕೊಳ್ಳುತ್ತಿದ್ದೆವು. ರಸೆಲ್ ಉಂಡದ್ದರ ಮುಂದೆ ನಮ್ಮದು ಬರಿಯ ಮುನಿಸು.

1969ರ ಫೈನಲ್ಲಿಗೆ ಬರೋಣ. ಚೇಂಬರ್ಲೇನ್ ಆಗ ಲಾಸ್ ಏಂಜಲಿಸ್ ಲೇಕರ್ಸ್ ತಂಡದಲ್ಲಿದ್ದರು. ಮೂರೂ ಮೂರು ಸಮವಾಗಿ ಏಳನೆಯ ಪಂದ್ಯ ಮೇ 5ರಂದು ಲೇಕರ್ಸ್ ಅಂಗಳದಲ್ಲಿ ನಡೆಯಿತು. ಗೆಲುವು ತಮ್ಮದೇ ಎಂದು ನಂಬಿದ ಮಾಲೀಕರು ಸಾವಿರಾರು ಬಲೂನುಗಳನ್ನು ಚಾವಣಿಗೆ ಕಟ್ಟಿಸಿದ್ದರು. ಕೊನೆಯ ಕೆಲವು ನಿಮಿಷಗಳಿರುವಾಗ ಚೇಂಬರ್ಲೇನರ ಮೊಣಕಾಲಿಗೆ ಪೆಟ್ಟಾಗಿ ಅವರು ಹೊರಬಂದರು. ಮತ್ತೆ ಕಳುಹಿಸಿರೆಂದು ಕೇಳಿದರೂ ತರಬೇತುದಾರರು ಒಪ್ಪಲಿಲ್ಲ. ಬೋಸ್ಟನ್ 108–106ರಿಂದ ಗೆದ್ದಿತು. ಬಲೂನುಗಳು ಚಾವಣಿಯಲ್ಲೇ ಉಳಿದವು. ಸೋತ ತಂಡದ ಜೆರ್ರಿ ವೆಸ್ಟ್ ಅಂದು 42 ಅಂಕ ಗಳಿಸಿದ್ದರು. ಫೈನಲ್ಲಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಆರಂಭವಾದ ವರ್ಷ ಅದು. ಮೊದಲ ಪ್ರಶಸ್ತಿ ವೆಸ್ಟ್ ಅವರಿಗೇ ಸಂದಿತು. ಸೋತವರಿಗೆ ಆ ಗೌರವ ದೊರೆತದ್ದು ಅದೊಂದೇ ಸಲ.

ಕನ್ನಡದ ಓದುಗರಿಗೆ ಇದು ಹೊಸ ಮಾತಲ್ಲ. ರನ್ನ ತನ್ನ ಕಾವ್ಯಕ್ಕೆ ಭೀಮನನ್ನೇ ನಾಯಕನಾಗಿಸಿ ‘ಸಾಹಸಭೀಮ ವಿಜಯ’ವೆಂದು ಹೆಸರಿಟ್ಟ, ಸಾವಿರ ವರ್ಷಗಳಿಂದ ಓದುಗರ ಮನಸ್ಸು ಮಾತ್ರ ಸೋತ ದುರ್ಯೋಧನನ ಬಳಿಗೇ ಹೋಗುತ್ತಿದೆ. ನಮ್ಮ ಊರುಗಳ ವೀರಗಲ್ಲುಗಳೂ ಹೆಚ್ಚಾಗಿ ಕಾದಾಡಿ ಬಿದ್ದವರ ನೆನಪಿಗೆ ನಿಂತವು. ಗೆದ್ದವರಾರು ಎಂಬ ಪ್ರಶ್ನೆಯ ಪಕ್ಕದಲ್ಲಿ ಹೇಗೆ ಕಾದಿದರು ಎಂಬ ಪ್ರಶ್ನೆಯನ್ನೂ ಇಟ್ಟುಕೊಂಡು ಬಂದ ಪರಂಪರೆ ನಮ್ಮದು.

ಆ ಪಂದ್ಯದ ಬಳಿಕ ನಡೆದದ್ದೇ ನಮ್ಮ ಮಟ್ಟಿಗೆ ಈ ಕಥೆಯ ಹೃದಯ. ರಸೆಲ್ ಮತ್ತು ಚೇಂಬರ್ಲೇನ್ ಅಲ್ಲಿಯವರೆಗೆ ಆಪ್ತ ಗೆಳೆಯರು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬೋಸ್ಟನ್ ತಂಡ ಫಿಲಡೆಲ್ಫಿಯಾದಲ್ಲಿದ್ದರೆ ರಸೆಲ್ ಊಟ ಮಾಡುತ್ತಿದ್ದದ್ದು ಚೇಂಬರ್ಲೇನರ ತಾಯಿಯ ಕೈಯಲ್ಲಿ. ಸಂಜೆ ಅಂಗಳದಲ್ಲಿ ಇಬ್ಬರೂ ಹಣಾಹಣಿ. ನಿವೃತ್ತಿಯಾದ ಬೆನ್ನಿಗೇ ರಸೆಲ್ ಒಂದು ವಿದ್ಯಾರ್ಥಿ ಸಭೆಯಲ್ಲಿ, ಅಂಥ ಪಂದ್ಯವನ್ನು ಅಷ್ಟು ಸಣ್ಣ ಪೆಟ್ಟಿಗೆ ಬಿಟ್ಟು ಹೋಗಬಾರದಿತ್ತು ಎಂಬರ್ಥದ ಮಾತಾಡಿದರು. ಮಾತು ಪತ್ರಿಕೆಗೆ ಹೋಯಿತು, ಪತ್ರಿಕೆಯಿಂದ ಗೆಳೆಯನ ಮನೆಗೆ. ಮುಂದಿನ ಋತುವಿನಲ್ಲಿ ಚೇಂಬರ್ಲೇನ್ ಮೊಣಕಾಲಿನ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದರು. ಸುಮಾರು ಎರಡು ದಶಕ ಇಬ್ಬರ ನಡುವೆ ಮಾತಿರಲಿಲ್ಲ. ಹನ್ನೊಂದು ಪ್ರಶಸ್ತಿ ಗೆದ್ದವರು ಒಂದು ವಾಕ್ಯದಲ್ಲಿ ಒಬ್ಬ ಗೆಳೆಯನನ್ನು ಕಳೆದುಕೊಂಡರು.

ಹೊರನಾಡಿನ ಕನ್ನಡ ಕೂಟಗಳ ಒಳಗನ್ನು ಬಲ್ಲವರಿಗೆ ಇಂಥ ವಾಕ್ಯಗಳ ಬೆಲೆ ಗೊತ್ತು. ಹಿಂದೆ ನಾವಿದ್ದ ನಗರವೊಂದರಲ್ಲಿ ಇಬ್ಬರು ಹಿರಿಯರಿದ್ದರು. ಒಬ್ಬರದು ಪುಸ್ತಕ, ಭಾಷಣ, ಸನ್ಮಾನಗಳ ದಾರಿ. ಇನ್ನೊಬ್ಬರದು ಕರೆಯೋಲೆಗೆ ಅಂಚೆಚೀಟಿ ಅಂಟಿಸುವ, ಸಭಾಂಗಣದ ಕೀಲಿ ತರುವ, ಕಾಫಿಗೆ ಹಾಲು ಹೇಳುವ ದಾರಿ. ಮೂವತ್ತು ವರ್ಷ ಜೊತೆಯಾಗಿ ಕೂಟ ಕಟ್ಟಿದವರು. ಒಂದು ವಾರ್ಷಿಕೋತ್ಸವದ ವೇದಿಕೆಯ ಮೇಲೆ, ಬರೆಯುವವರಿಂದ ಮಾತ್ರ ಸಂಘ ಉಳಿಯುತ್ತದೆ, ಕುರ್ಚಿ ಜೋಡಿಸುವವರು ಎಲ್ಲಿ ಬೇಕಾದರೂ ಸಿಗುತ್ತಾರೆ ಎಂದು ಮೊದಲನೆಯವರು ಮಾತಿನ ಓಘದಲ್ಲಿ ಅಂದುಬಿಟ್ಟರು. ಅಂದಿನಿಂದ ಅದೇ ಸಭಾಂಗಣದಲ್ಲಿ ಎರಡು ಸಾಲುಗಳ ಅಂತರದಲ್ಲಿ ಕುಳಿತು ಹನ್ನೆರಡು ವರ್ಷ ಅವರು ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಬರೆಯುತ್ತಿದ್ದವರು ತೀರಿಕೊಂಡಾಗ ಸಂತಾಪಸಭೆಯಲ್ಲಿ ಎರಡನೆಯವರ ಮುಂದೆ ಮೈಕು ಹಿಡಿದೆವು. ಅವರು ಬೇಡವೆಂದು ಕೈಯಾಡಿಸಿದರು. ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಎಂದಿನಂತೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ದೀಪ ಆರಿಸಿ, ಕೀಲಿ ಹಾಕಿಕೊಂಡು ಮನೆಗೆ ಹೋದರು.

ರಸೆಲ್ ಅವರಿಗೆ ಅಷ್ಟು ತಡವಾಗಲಿಲ್ಲ. ಅವರು ಗೆಳೆಯನ ಕ್ಷಮೆ ಕೇಳಿದರು. ಸ್ನೇಹ ಮತ್ತೆ ಕೂಡಿಕೊಂಡಿತು. 1999ರ ಮೇ ತಿಂಗಳಲ್ಲಿ ಬೋಸ್ಟನ್ ನಗರ ಅವರ ಅಂಗಿಯನ್ನು ಮತ್ತೊಮ್ಮೆ, ಈ ಸಲ ತುಂಬಿದ ಸಭೆಯ ಮುಂದೆ ಮೇಲೇರಿಸಿತು. ಇಪ್ಪತ್ತೇಳು ವರ್ಷಗಳ ಹಿಂದೆ ಬೇಡವೆಂದಿದ್ದ ಚಪ್ಪಾಳೆಯನ್ನು ಅವರು ನಿಂತು ಕೇಳಿದರು. ಚೇಂಬರ್ಲೇನರೂ ಆ ಸಮಾರಂಭಕ್ಕೆ ಬಂದಿದ್ದರು. ಅದೇ ಅಕ್ಟೋಬರ್ 12ರಂದು, ಅರವತ್ತಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ರಸೆಲ್ ಮಾತಾಡಿದರು. ಆ ಸಮಾಧಾನ ಎಲ್ಲರ ಪಾಲಿಗೂ ಬರುವುದಿಲ್ಲ.

ದಾಖಲೆಗಳ ಆಯುಸ್ಸು ಕಡಿಮೆ. ಚೇಂಬರ್ಲೇನರ 31,419 ಅಂಕಗಳನ್ನು 1984ರಲ್ಲಿ ಕರೀಂ ಅಬ್ದುಲ್ ಜಬ್ಬಾರ್ ದಾಟಿದರು. ಅವರ 38,387ನ್ನು 2023ರ ಫೆಬ್ರುವರಿ 7ರಂದು ಲೆಬ್ರಾನ್ ದಾಟಿದರು. ಎಪ್ಪತ್ತೈದು ವರ್ಷದ ಕರೀಂ ಅಂದು ಅಂಗಳಕ್ಕಿಳಿದು ಚೆಂಡನ್ನು ಕಿರಿಯರ ಕೈಗೆ ಒಪ್ಪಿಸಿದರು. ಮಕ್ಕಳ ಜೊತೆ ಅದನ್ನು ನೋಡುವಾಗ, ಪರಂಪರೆ ಎಂಬ ಮಾತಿಗೆ ಇಷ್ಟು ಸರಳವಾದ ಚಿತ್ರ ಇನ್ನೊಂದಿಲ್ಲವೆನಿಸಿತು: ಹಿರಿಯ ಕೈ, ಕಿರಿಯ ಕೈ, ನಡುವೆ ಒಂದು ಚೆಂಡು. ರಸೆಲ್ 2022ರ ಜುಲೈ 31ರಂದು ತೀರಿಕೊಂಡ ಮೇಲೆ ಎನ್‌ಬಿಎ 6ನೇ ಸಂಖ್ಯೆಯನ್ನು ಎಲ್ಲ ತಂಡಗಳಲ್ಲೂ ನಿವೃತ್ತಗೊಳಿಸಿತು. ಆಗಲೇ ಅದನ್ನು ತೊಡುತ್ತಿದ್ದವರನ್ನು ಬಿಟ್ಟು ಇನ್ನು ಮುಂದೆ ಯಾರಿಗೂ ಆ ಸಂಖ್ಯೆ ಸಿಗದು. ಎಣಿಸಲಾಗದ್ದನ್ನು ಎಣಿಸದೇ ಬಿಟ್ಟ ಸಂಘಟನೆ, ಕೊನೆಗೆ ಒಂದು ಅಂಕಿಯನ್ನೇ ತೆಗೆದಿಟ್ಟು ಋಣ ತೀರಿಸಲು ನೋಡಿತು.

ನಲವತ್ತನ್ನು ದಾಟಿ, ಸೇವಾಪುಸ್ತಕದ ಅರ್ಧಕ್ಕಿಂತ ಹೆಚ್ಚು ಪುಟಗಳು ತುಂಬಿರುವ ನಮಗೆ ಈಗ ಯಾರು ದೊಡ್ಡವರು ಎಂಬ ಜಗಳದಲ್ಲಿ ಮೊದಲಿನ ರುಚಿಯಿಲ್ಲ. ಮಕ್ಕಳು ಜೋರ್ಡನ್, ಲೆಬ್ರಾನ್ ಎಂದು ಕೂಗಾಡಲಿ. ಆ ವಯಸ್ಸಿಗೆ ಅದು ಚೆಂದ. ನಮ್ಮ ಮುಂದಿರುವ ಪ್ರಶ್ನೆ ಬೇರೆ. ಕೀಲಿ ತರುತ್ತಿದ್ದ ಆ ಹಿರಿಯರು ಈಗಲೂ ಅದೇ ನಗರದಲ್ಲಿದ್ದಾರೆ, ಎಂಬತ್ತರ ಅಂಚು. ಕೂಟದ ಐವತ್ತನೆಯ ವರ್ಷದ ಸಂಚಿಕೆಗೆ ಲೇಖನಗಳನ್ನು ಕೇಳುತ್ತಿದ್ದಾರೆ. ಬಂದ ಪಟ್ಟಿಯಲ್ಲಿ ಅಧ್ಯಕ್ಷರ ಹೆಸರುಗಳಿವೆ, ಪ್ರಕಟವಾದ ಪುಸ್ತಕಗಳ ಸಂಖ್ಯೆಯಿದೆ, ಬಂದುಹೋದ ಅತಿಥಿಗಳ ವಿವರವಿದೆ. ಅವರ ಹೆಸರು ಇಲ್ಲ. ಅವರು ಎಂದೂ ಅಧ್ಯಕ್ಷರಾಗಿರಲಿಲ್ಲ. ನಾವು ಕಳುಹಿಸುವ ಲೇಖನ ಅವರೊಬ್ಬರ ಕುರಿತದ್ದಾಗಿರುತ್ತದೆ. ಬರೆಯುವ ಮೊದಲು ಈ ವಾರ ಅವರಿಗೆ ಫೋನು ಮಾಡಿ, ಆ ಸಭಾಂಗಣದ ಕುರ್ಚಿಗಳು ಒಟ್ಟು ಎಷ್ಟಿದ್ದವೆಂದು ಕೇಳಬೇಕು. ಅವರಿಗೆ ಲೆಕ್ಕ ನೆನಪಿರುತ್ತದೆ.