ಯಕೃತ್ತಿಗೊಂದು ಊರುಗೋಲು

ಕಾಮಾಲೆಯನ್ನು ನಮ್ಮ ಮೂಕಂಡಪಲ್ಲಿಯ ಕಡೆಯವರು ವೈದ್ಯರ ರೋಗವೆಂದು ಎಣಿಸುವುದಿಲ್ಲ. ಅದು ಸೊಪ್ಪಿನ ರೋಗ. ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಮೂರು ಬೆಳಗು ಕುಡಿಸಿದರೆ ಇಳಿದುಹೋಗುವುದೆಂಬ ನಂಬಿಕೆ. ಬಹುಮಂದಿಗೆ ಇಳಿಯುವುದೂ ಉಂಟು. ಕೆಟ್ಟ ನೀರಿನಿಂದ ಬಂದ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯತಕ್ಕದ್ದು. ಕೀರ್ತಿ ಮಾತ್ರ ಸೊಪ್ಪಿಗೆ. ನಮ್ಮ ಸೋದರಮಾವನವರ ಕಣ್ಣು ಹಳದಿಯಾದಾಗ ಅವರನ್ನು ಸೊಪ್ಪು ಕೊಡುವವರಲ್ಲಿಗೆ ಕರೆದೊಯ್ದವರು ನಾವೇ. ಶಿಕ್ಷಕರ ತರಬೇತಿ ಪಡೆದು ಐದನೆಯ ತರಗತಿಗೆ ವಿಜ್ಞಾನ ಹೇಳುವ ನಾವೇ!

ಒಂಬತ್ತನೆಯ ದಿನ ಮಾವ ಹಗಲನ್ನು ಇರುಳೆಂದರು. ನಮ್ಮನ್ನು ತೀರಿಹೋದ ತಮ್ಮ ಅಣ್ಣನ ಹೆಸರು ಹಿಡಿದು ಕರೆದರು. ಅಂದೇ ಬೆಂಗಳೂರಿಗೆ ಕೊಂಡೊಯ್ದೆವು. ಯಕೃತ್ತು ಸೋತಿದೆ, ಇನ್ನು ಬೇರೊಬ್ಬರ ಯಕೃತ್ತನ್ನು ಕಸಿಮಾಡುವುದೊಂದೇ ದಾರಿ ಎಂದರು ವೈದ್ಯರು.

"ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಯಂತ್ರವಿದೆಯಲ್ಲ ಸ್ವಾಮಿ, ಇದಕ್ಕೂ ಅಂಥದೊಂದು ಇಲ್ಲವೆ?" ಎಂದು ಕೇಳಿದೆವು. ಅವರು ಇಲ್ಲವೆಂದು ತಲೆಯಾಡಿಸಿದರು. ಮೂರನೆಯ ರಾತ್ರಿ ಮಾವ ತೀರಿಕೊಂಡರು.

ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆವು. ಮೂತ್ರಪಿಂಡದ ಕೆಲಸ ಬಹುಪಾಲು ಜರಡಿಯ ಕೆಲಸ. ಯಕೃತ್ತಾದರೋ ದೇಹದ ಅಡುಗೆಮನೆ, ಉಗ್ರಾಣ, ಬಚ್ಚಲು ಮೂರೂ ಹೌದು. ಅಮೋನಿಯವನ್ನು ಯೂರಿಯವಾಗಿಸಬೇಕು, ಸಕ್ಕರೆಯನ್ನು ಕೂಡಿಡಬೇಕು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸಬೇಕು. ಇದಕ್ಕೆ ಜೀವಂತ ಕೋಶಗಳೇ ಬೇಕು. ಆದಕಾರಣ ಯಂತ್ರದೊಳಗೆ ಕೋಶಗಳನ್ನು ಸಾಕುವ ಉಪಾಯ ಹೂಡಿದರು. ಯಕೃತ್ತಿಗೆ ಮತ್ತೆ ಬೆಳೆಯುವ ಶಕ್ತಿಯುಂಟಷ್ಟೆ. ಕೆಲವು ದಿನ ಊರುಗೋಲು ದೊರೆತರೆ ಅದೇ ಎದ್ದು ನಿಂತೀತು, ಇಲ್ಲವೇ ದಾನಿ ಸಿಗುವವರೆಗೆ ಜೀವ ನಿಂತೀತು ಎಂಬ ಆಸೆ.

ಲಾಸ್ ಏಂಜಲೀಸಿನ ಅಕಿಲಿಸ್ ಡೆಮೆಟ್ರಿಯು ಮತ್ತು ಅವರ ಸಂಗಡಿಗರು ಟೊಳ್ಳು ನೂಲುಗಳಿಂದ ತುಂಬಿದ ಕೊಳವೆಯಲ್ಲಿ ಹಂದಿಯ ಯಕೃತ್ತಿನ ಸುಮಾರು 700 ಕೋಟಿ ಕೋಶಗಳನ್ನಿಟ್ಟು, ರೋಗಿಯ ರಕ್ತದಿಂದ ಪ್ಲಾಸ್ಮಾವನ್ನು ಬೇರ್ಪಡಿಸಿ ಅದರಲ್ಲಿ ಹರಿಸಿದರು. 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 171 ರೋಗಿಗಳಿದ್ದರು. 30 ದಿನ ಬದುಕುಳಿದವರು ಯಂತ್ರದ ಆಸರೆ ಪಡೆದವರಲ್ಲಿ ನೂರಕ್ಕೆ 71, ಉಳಿದವರಲ್ಲಿ 62. ನೂರಕ್ಕೆ ಒಂಬತ್ತು ಜೀವ! ಆದರೆ ಆ ಅಂತರ ಆಕಸ್ಮಿಕವೂ ಇರಬಹುದೆಂದಿತು ಸಂಖ್ಯಾಶಾಸ್ತ್ರ. ಮನುಷ್ಯ ಮೂಲದ ಕೋಶಗಳನ್ನಿಟ್ಟ ಈಲ್ಯಾಡ್ ಎಂಬ ಯಂತ್ರವೂ 2018ರ ಪರೀಕ್ಷೆಯಲ್ಲಿ ಸೋತಿತು. ದೇಹದಿಂದ ಹೊರಬಂದ ಯಕೃತ್ತಿನ ಕೋಶ ಕೆಲವೇ ದಿನಗಳಲ್ಲಿ ತನ್ನ ಕಸುಬು ಮರೆಯುವುದು. ತೊಡಕಿನ ಒಂದು ಬೇರು ಅಲ್ಲಿದೆ.

ನಮ್ಮ ನೆರೆಯ ಬೆಂಗಳೂರಿನಲ್ಲಿಯೇ ಪ್ಯಾಂಡೋರಮ್ ಸಂಸ್ಥೆಯವರು 2015ರಲ್ಲಿ ಯಕೃತ್ತಿನ ಅಂಗಾಂಶವನ್ನು ಮುದ್ರಿಸಿ ತೋರಿಸಿದರು. ಪತ್ರಿಕೆಯ ತುಣುಕನ್ನು ಅತ್ತೆಗೆ ಓದಿ ಹೇಳಿದೆವು. ಅದು ಮೊದಲಿಗೆ ಔಷಧಗಳನ್ನು ಪರೀಕ್ಷಿಸುವುದಕ್ಕೆ, ರೋಗಿಗಲ್ಲವೆಂದೂ ಹೇಳಬೇಕಾಯಿತು.

"ಹಾಗಾದರೆ ಇನ್ನೂ ಬಂದಿಲ್ಲವೇನಪ್ಪ" ಎಂದು ಅವರು ಒಳಗೆ ಹೋದರು.

ಕಳೆದ ಮಳೆಗಾಲದಲ್ಲಿ ನಮ್ಮ ತರಗತಿಯ ಹುಡುಗನೊಬ್ಬ ಹಳದಿ ಕಣ್ಣು ಬಿಟ್ಟುಕೊಂಡು ಕುಳಿತಿದ್ದ. ಪಾಠ ನಿಲ್ಲಿಸಿ, ತಾಯಿಯನ್ನು ಕರೆಸಿ, ನಾವೂ ಜೊತೆಗೆ ಹೊಸೂರಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಮೂರು ವಾರದಲ್ಲಿ ಹುಡುಗ ಶಾಲೆಗೆ ಬಂದ. ಅವನ ಅಜ್ಜಿ ಗುಟ್ಟಾಗಿ ನೆಲನೆಲ್ಲಿಯನ್ನೂ ಕುಡಿಸಿದ್ದರಂತೆ. ವಾಸಿಯಾದದ್ದು ಅದರಿಂದಲೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ನಾವು ವಾದಿಸಲಿಲ್ಲ.